ಭಾವನ ಐದು ‘ಯಾಕೆ’ಗಳು

ನಮ್ಮ ಭಾವ ಬೀದಿಯ ಆ ತುದಿಯಲ್ಲಿ ಕಾಣಿಸಿಕೊಂಡರೆ ಸಾಕು, ಈ ತುದಿಯಲ್ಲಿರುವ ಇಸ್ತ್ರಿ ಅಂಗಡಿಯವನು ಇದ್ದಕ್ಕಿದ್ದಂತೆ ಫೋನಿನಲ್ಲಿ ಮಾತನಾಡಲು ಶುರುಮಾಡುತ್ತಾನೆ. ಆ ಕಡೆ ಯಾರೂ ಇರುವುದಿಲ್ಲ. ಅವಸರದಲ್ಲಿ ಅವನು ಫೋನನ್ನು ಕಿವಿಗೆ ತಲೆಕೆಳಗಾಗಿ ಹಿಡಿದಿದ್ದನ್ನೂ ನಾನು ಕಂಡಿದ್ದೇನೆ. ಹಾಗಂತ ನಮ್ಮ ಭಾವ ಜಗಳಗಂಟರೇ? ಕುಡಿಯುವವರೇ? ಅಂಗಿ ಸುಟ್ಟಿದೆ ಅಂತ ರಂಪ ಮಾಡುವವರೇ? ರಾಮ ರಾಮ! ಇರುವೆ ಸಾಲು ಕಂಡರೆ ಪಕ್ಕಕ್ಕೆ ಹೆಜ್ಜೆ ಇಟ್ಟು ಹೋಗುವ ಮನುಷ್ಯ. ಅವರದು ಒಂದೇ ದೋಷ. ಅವರು ಕೇಳುತ್ತಾರೆ. ಇಸ್ತ್ರಿಪೆಟ್ಟಿಗೆಗೆ ಇದ್ದಿಲೇ ಯಾಕೆ, ಸೌದೆ ಯಾಕಾಗಬಾರದು? ಬಟ್ಟೆಗೆ ನೀರು ಚಿಮುಕಿಸಿದರೆ ಸುಕ್ಕು ಹೋಗುತ್ತದೆ, ಸರಿ. ಮಳೆಯಲ್ಲಿ ನೆಂದ ಬಟ್ಟೆಗೆ ಸುಕ್ಕು ಬರುತ್ತದಲ್ಲ, ಅದು ಯಾಕೆ? ಪಾಪ, ಆತ ಸಂಜೆಯೊಳಗೆ ಒಂದು ಮೂಟೆ ಬಟ್ಟೆ ಮುಗಿಸಬೇಕು. ಫೋನು ಹಿಡಿಯದೆ ಇನ್ನೇನು ಮಾಡಿಯಾನು?

ಇಂಥವರಿಗೆ ನಮ್ಮ ಅಕ್ಕನನ್ನು ಕೊಟ್ಟಿದ್ದಾದರೂ ಹೇಗೆ ಅಂತ ನಿಮಗೆ ಅನ್ನಿಸಬಹುದು. ಹೆಣ್ಣು ನೋಡಲು ನೆಲಮಂಗಲದ ನಮ್ಮ ಮನೆಗೆ ಬಂದಿದ್ದರು. ಹಿರಿಯರೆಲ್ಲ ಕೇಸರಿಬಾತು ತಿನ್ನುತ್ತ ಜಾತಕದ ಮಾತಾಡುತ್ತಿದ್ದಾಗ ವರಮಹಾಶಯರು ನಮ್ಮ ಗೋಡೆ ಗಡಿಯಾರ ನೋಡಿದರು, ತಮ್ಮ ಕೈಗಡಿಯಾರ ನೋಡಿದರು, ಮತ್ತೆ ಗೋಡೆ ನೋಡಿದರು. ಆಮೇಲೆ ತಟ್ಟೆ ಹಿಡಿದು ನಿಂತಿದ್ದ ಅಕ್ಕನನ್ನೇ ಕೇಳಿದರು.

“ನಿಮ್ಮನೆ ಗಡಿಯಾರ ಯಾಕೆ ಹತ್ತು ನಿಮಿಷ ಮುಂದಿದೆ?”

“ಅಪ್ಪಂಗೆ ಬಸ್ ತಪ್ಪಬಾರದು ಅಂತ,” ಅಂದಳು ಅಕ್ಕ.

“ಹತ್ತು ನಿಮಿಷ ಮುಂದಿದೆ ಅಂತ ಅವರಿಗೆ ಗೊತ್ತಲ್ವಾ? ಮನಸ್ಸಲ್ಲಿ ಹತ್ತು ನಿಮಿಷ ಕಳೆದೇ ನೋಡ್ತಾರೆ. ಮತ್ಯಾಕೆ?”

ಹಿರಿಯರ ಕೈಯಲ್ಲಿ ಚಮಚ ನಿಂತಿತು. ಸಂಬಂಧ ಮುರಿಯಿತು ಅಂತಲೇ ನಮ್ಮಮ್ಮ ಅಂದುಕೊಂಡಳು. ಅಕ್ಕ ಮಾತ್ರ ಒಳಗೆ ಬಂದು ನನ್ನ ಕೈ ಹಿಡಿದುಕೊಂಡು, “ಇವರನ್ನೇ ಆಗ್ತೀನಿ ಕಣೇ. ಚಿಕ್ಕೋಳಿದ್ದಾಗಿಂದ ನಂಗೂ ಇದೇ ಡೌಟು” ಅಂದಳು. ಮದುವೆಯಾಗಿ ದಾಸರಹಳ್ಳಿಗೆ ಬಂದಳು. ಎರಡು ವರ್ಷ ಕಳೆದ ಮೇಲೆ ನನಗೂ ಅದೇ ಕಡೆಯ ಗಂಡು ಸಿಕ್ಕಿ ನಾನೂ ಬಂದೆ. ಅವಳ ಮನೆಗೂ ನಮ್ಮ ಮನೆಗೂ ನಡುವೆ ಎರಡೇ ಅಡ್ಡರಸ್ತೆ. ಅವಳ ಮನೆಯ ಒಗ್ಗರಣೆ ನಮ್ಮ ಮನೆಗೆ ಕೇಳುತ್ತಿತ್ತು ಅಂದರೆ ಉತ್ಪ್ರೇಕ್ಷೆ, ಆದರೆ ಅವಳ ನಗು ಕೇಳುತ್ತಿತ್ತು ಅಂದರೆ ಉತ್ಪ್ರೇಕ್ಷೆಯಲ್ಲ.

ಭಾವನ ಕೆಲಸ ಪೀಣ್ಯ ಎರಡನೇ ಹಂತದ ಒಂದು ಸಣ್ಣ ಕಾರ್ಖಾನೆಯಲ್ಲಿ. ಲಾರಿಗೆ ಬೇಕಾಗುವ ಬಿಡಿಭಾಗ ಮಾಡುತ್ತಾರೆ. ಭಾವ ಅಲ್ಲಿ ಕ್ಯೂಸಿ. ಅಂದರೆ ಬೇರೆಯವರು ಮಾಡಿದ್ದನ್ನು ಅಳೆದು, ಸರಿಯಿದ್ದರೆ ಹಸಿರು ಚೀಟಿ, ತಪ್ಪಿದ್ದರೆ ಕೆಂಪು ಚೀಟಿ ಅಂಟಿಸುವ ಕೆಲಸ. ಹುಟ್ಟಿನಿಂದಲೇ ಕೇಳುವ ಚಟ ಇದ್ದವರು. ಸಾಲದು ಅಂತ ಕಂಪನಿಯವರು ಅವರನ್ನು ಒಂದು ಟ್ರೈನಿಂಗಿಗೆ ಬೇರೆ ಕಳಿಸಿದರು. ಕಳಿಸಬಾರದಿತ್ತು. ಅಲ್ಲಿ ಯಾರೋ ಟೈ ಕಟ್ಟಿದವರು ಬಂದು, ಒಂದು ಮಾಲು ಯಾಕೆ ಕೆಟ್ಟಿತು ಅಂತ ತಿಳಿಯಬೇಕಾದರೆ ಒಂದು ಸಲ ಕೇಳಿ ಬಿಡಬೇಡಿ, ಬಂದ ಉತ್ತರಕ್ಕೂ ‘ಯಾಕೆ’ ಅನ್ನಿ, ಹಾಗೆ ಐದು ಸಲ ಕೇಳಿದರೆ ಬುಡ ಸಿಗುತ್ತದೆ ಅಂತ ಕಲಿಸಿದರಂತೆ. ಉಳಿದವರು ಬಿಸ್ಕತ್ತು ತಿಂದು ಎದ್ದು ಬಂದರು. ನಮ್ಮ ಭಾವ ಉಪದೇಶ ಪಡೆದವರಂತೆ ಬಂದರು. ಆ ಸಂಜೆಯೇ ಅಕ್ಕನ ಸಾರಿಗೆ ಉಪ್ಪು ಜಾಸ್ತಿಯಾಗಿರಬೇಕೇ? ನಾನು ಅಲ್ಲೇ ಕೂತಿದ್ದೆ, ಕಿವಿಯಾರೆ ಕೇಳಿದ್ದನ್ನು ಹೇಳುತ್ತೇನೆ.

“ಉಪ್ಪು ಯಾಕೆ ಜಾಸ್ತಿ ಆಯ್ತು?”

“ಎರಡು ಸಲ ಹಾಕ್ಬಿಟ್ಟೆ ಕಣ್ರೀ.”

“ಎರಡು ಸಲ ಯಾಕೆ ಹಾಕ್ದೆ?”

“ಮೊದಲು ಹಾಕಿದ್ದು ಮರೆತೋಯ್ತು.”

“ಯಾಕೆ ಮರೆತೋಯ್ತು?”

“ನಡುವೆ ನೀವು ಬಚ್ಚಲಿಂದ ಕರೆದ್ರಲ್ಲ.”

“ನಾನು ಯಾಕೆ ಕರೆದೆ?”

“ಟವಲ್ ಸಿಕ್ತಿಲ್ಲ ಅಂತ.”

“ಟವಲ್ ಯಾಕೆ ಸಿಗ್ಲಿಲ್ಲ?”

“ಹೆಗಲ ಮೇಲಿತ್ತು.”

ಬೇರೆ ಗಂಡಸಾಗಿದ್ದರೆ ತಟ್ಟೆ ದೂಡಿ ಏಳುತ್ತಿದ್ದ. ಭಾವ ಬುಡ ಸಿಕ್ಕ ಸಂತೋಷದಲ್ಲಿ ಆ ಉಪ್ಪಾದ ಸಾರನ್ನೇ ಇನ್ನೊಂದು ಸೌಟು ಬಡಿಸಿಕೊಂಡರು. ಅಕ್ಕ ನಕ್ಕೂ ನಕ್ಕೂ ಸುಸ್ತಾಗಿ ಅಡುಗೆಮನೆಯ ಹೊಸ್ತಿಲ ಮೇಲೆ ಕೂತಳು.

ಇವರಿಗೆ ಒಬ್ಬಳೇ ಮಗಳು, ಪುಟ್ಟಿ. ಮಾತು ಬಂದ ದಿನವೇ ‘ಯಾಕೆ’ ಬಂತು ಅವಳಿಗೆ. ತುಮಕೂರು ರಸ್ತೆಯಲ್ಲಿ ಆಗ ಮೆಟ್ರೋ ಕಂಬಗಳು ಏಳುತ್ತಿದ್ದವು. ಅಪ್ಪ ಮಗಳು ಭಾನುವಾರ ಬೆಳಿಗ್ಗೆ ಇಬ್ಬರೂ ಫುಟ್‌ಪಾತಿನಲ್ಲಿ ನಿಂತು ಕ್ರೇನು ನೋಡುವುದೇ ಅವರ ಮನೆಯ ತೀರ್ಥಯಾತ್ರೆ. ಅಷ್ಟು ಭಾರ ಎತ್ತಿದರೂ ಕ್ರೇನು ಮುಂದಕ್ಕೆ ಯಾಕೆ ಮುಗ್ಗರಿಸುವುದಿಲ್ಲ ಅಂತ ಅವಳು ಕೇಳಿದರೆ ಭಾವ ಉತ್ತರ ಹೇಳುತ್ತಿರಲಿಲ್ಲ. ಅದೇ ಅವರ ವಿಚಿತ್ರ. ಅವರಿಗೆ ಗೊತ್ತಿದ್ದರೂ ಹೇಳುತ್ತಿರಲಿಲ್ಲ. ಮನೆಗೆ ಕರೆತಂದು, ಒಂದು ಕೈಯಲ್ಲಿ ನೀರಿನ ಬಕೆಟ್ಟು ಕೊಟ್ಟು, “ಈಗ ನೆಟ್ಟಗೆ ನಿಲ್ಲು ನೋಡೋಣ. ಇನ್ನೊಂದು ಕೈ ಎಲ್ಲಿಗೆ ಹೋಯ್ತು ನೋಡ್ಕೋ” ಅನ್ನುತ್ತಿದ್ದರು. ಮನೆತುಂಬ ನೀರು. ಒರೆಸುವವಳು ನಮ್ಮ ಅಕ್ಕ.

“ಹೇಳಿಬಿಡಿ ಅತ್ಲಾಗಿ, ಒಂದು ಮಾತಲ್ಲಿ ಮುಗಿಯುತ್ತೆ,” ಅಂತ ಒಮ್ಮೆ ನಾನೇ ಸಿಡುಕಿದೆ.

“ಹುಡುಕದೆ ಸಿಕ್ಕಿದ ಉತ್ತರ ಬೇರೆಯವರ ಚಪ್ಪಲಿ ಇದ್ದಂಗೆ ಕಣಮ್ಮ,” ಅಂದರು ಭಾವ. “ಬಚ್ಚಲಿಗೆ ಹೋಗಿ ಬರಬಹುದು. ಊರಿಗೆ ಹೋಗಕ್ಕಾಗಲ್ಲ.”

ಅಕ್ಕನ ದಾರಿಯೇ ಬೇರೆ. ಅವಳು ಕೇಳಿದ ತಕ್ಷಣ ಉತ್ತರ ಕೊಡುತ್ತಿದ್ದಳು, ಎಲ್ಲವೂ ಕೈಯಿಂದ ಕಟ್ಟಿದ್ದು. ಚಂದ್ರ ಯಾಕೆ ನಮ್ಮ ಹಿಂದೆಯೇ ಬರ್ತಾನೆ ಅಂದರೆ, ಅವನ ಮನೆಯೂ ದಾಸರಹಳ್ಳಿಯಲ್ಲೇ ಇರೋದು ಅನ್ನುವಳು. ಪುಟ್ಟಿಗೆ ಅದು ಸುಳ್ಳು ಅಂತ ಗೊತ್ತು. ಗೊತ್ತಿದ್ದೇ ಕೇಳುವಳು. ಅಪ್ಪನ ಹತ್ತಿರ ತಿಳಿಯಲು ಕೇಳುವುದು, ಅಮ್ಮನ ಹತ್ತಿರ ನಗಲು ಕೇಳುವುದು. ಶಾಲೆಯಲ್ಲಿ ಮಾತ್ರ ಎರಡೂ ನಡೆಯುತ್ತಿರಲಿಲ್ಲ. ಗಿಡ ಬೆಳಕಿನ ಕಡೆ ಬಾಗುತ್ತದೆ ಅಂತ ಮಿಸ್ಸು ಬೋರ್ಡಿನ ಮೇಲೆ ಬರೆದರೆ, ಗಿಡಕ್ಕೆ ಕಣ್ಣಿಲ್ಲವಲ್ಲ, ಬೆಳಕು ಯಾವ ಕಡೆ ಇದೆ ಅಂತ ಹೇಗೆ ಗೊತ್ತಾಗುತ್ತೆ ಅಂತ ಇವಳು ಎದ್ದು ನಿಂತಳಂತೆ. “ಅದು ಪರೀಕ್ಷೆಗೆ ಬರಲ್ಲ, ಕೂತ್ಕೋ” ಅಂದರಂತೆ ಮಿಸ್ಸು. ಮಾರ್ಕ್ಸು ಸಾಧಾರಣ. ಮಿಸ್ಸು ಪ್ರತಿ ಸಲ ಮನೆಯವರನ್ನು ಕರೆಸಿ, ಮಗು ಜಾಣೆಯೇ, ಆದರೆ ಪುಸ್ತಕ ಬಿಟ್ಟು ಬೇರೆಲ್ಲ ನೋಡುತ್ತಾಳೆ ಅನ್ನುತ್ತಿದ್ದರು. ಭಾವ ಆ ಮಾತು ಕೇಳಿ ಬಹುಮಾನ ಬಂದಷ್ಟು ಖುಷಿಯಾಗಿ ಮನೆಗೆ ಬರುತ್ತಿದ್ದರು.

ಹೀಗಿದ್ದ ಮನೆ. ಒಂದು ಆಷಾಢದ ಮಧ್ಯಾಹ್ನ ನಮ್ಮ ಅಕ್ಕ ಹೋಗಿಬಿಟ್ಟಳು.

ಹೇಗೆ ಬರೆಯಲಿ ಅದನ್ನು? ಬೆಳಿಗ್ಗೆ ನನಗೆ ಫೋನು ಮಾಡಿ, ಗೊಜ್ಜು ಮಾಡಿದ್ದೀನಿ, ಡಬ್ಬಿ ತಗೊಂಡು ಬಾ ಅಂದಿದ್ದಳು. ಪುಟ್ಟಿಗೆ ಅಂದು ಅರ್ಧ ದಿನ ಶಾಲೆ. ಭಾವ ಶಿಫ್ಟಿನಲ್ಲಿದ್ದರು. ಅಕ್ಕ ಊಟ ಮಾಡಿ ಮಲಗಿದವಳು ಏಳಲಿಲ್ಲ. ಪುಟ್ಟಿ ಕೆಳಗಿಳಿದು ಹೋಗಿ ಮನೆ ಓನರ್ ಆಂಟಿಗೆ, “ಅಮ್ಮ ಎಬ್ಬಿಸಿದ್ರೂ ಏಳ್ತಿಲ್ಲ” ಅಂದಳಂತೆ. ಆಸ್ಪತ್ರೆ ಸೇರಿದಾಗ ಉಸಿರಿತ್ತು, ಪ್ರಜ್ಞೆ ಇರಲಿಲ್ಲ. ಅದೇ ಸಂಜೆ ಉಸಿರೂ ನಿಂತಿತು. ಮೆದುಳಿನಲ್ಲಿ ಒಂದು ರಕ್ತನಾಳ ಒಡೆದಿತ್ತು.

ಕಾರಿಡಾರಿನಲ್ಲಿ ಭಾವ ಡಾಕ್ಟರನ್ನು ನಿಲ್ಲಿಸಿಕೊಂಡರು. ಯೂನಿಫಾರ್ಮಿನಲ್ಲೇ ಬಂದಿದ್ದರು, ಬೆರಳಿಗೆ ಆಯಿಲ್ ಅಂಟಿತ್ತು. “ಯಾಕೆ ಒಡೀತು ಸಾರ್?” ಆ ಜಾಗದಲ್ಲಿ ನಾಳ ತೆಳ್ಳಗಿತ್ತು. “ಯಾಕೆ ತೆಳ್ಳಗಿತ್ತು?” ಕೆಲವರಿಗೆ ಹುಟ್ಟಿದಾಗಿನಿಂದ ಹಾಗೇ ಇರುತ್ತೆ. “ಇಷ್ಟು ವರ್ಷ ಒಡೀದೆ ಇದ್ದಿದ್ದು ಇವತ್ತೇ ಯಾಕೆ?” ಹೇಳಕ್ಕಾಗಲ್ಲ, ಯಾವತ್ತು ಬೇಕಾದ್ರೂ ಆಗಬಹುದಿತ್ತು. “ನಮಗ್ಯಾಕೆ ಗೊತ್ತಾಗ್ಲಿಲ್ಲ?” ಯಾರಿಗೂ ಗೊತ್ತಾಗಲ್ಲ, ನೀವೇನು ಮಾಡಿದ್ರೂ ಏನು ಬಿಟ್ರೂ ಇದು ಆಗ್ತಿತ್ತು. ಆ ಡಾಕ್ಟರು ಒಳ್ಳೆಯವರು, ನಿಂತು ಉತ್ತರ ಹೇಳಿದರು. ಭಾವ ಇನ್ನೊಂದು ಸಲ ಬಾಯಿ ತೆರೆದರು. ‘ಯಾಕೆ’ ಅನ್ನುವ ಮಾತು ಬಂತು, ಮುಂದಿನದು ಬರಲಿಲ್ಲ. ಡಾಕ್ಟರು ಅವರ ಭುಜ ಹಿಡಿದು ಬೆಂಚಿನ ಮೇಲೆ ಕೂರಿಸಿದರು.

ನನಗೆ ಇನ್ನೊಂದು ಸಂಕಟ ಅಂಟಿಕೊಂಡಿತು. ಅಕ್ಕ ಕೊನೆಗೆ ಏನಂದಳು? ನೋವಾಯಿತೇ? ನನ್ನನ್ನೇನಾದರೂ ಕರೆದಳೇ? ಜೊತೆಗಿದ್ದವಳು ಪುಟ್ಟಿ ಒಬ್ಬಳೇ. ಏನು ಕೇಳಿದರೂ “ಅಮ್ಮ ಮಲಗಿದ್ಲು” ಅಂತಷ್ಟೇ ಹೇಳುತ್ತಿದ್ದಳು. ಮೂರನೇ ಕ್ಲಾಸಿನ ಮಗುವನ್ನು ಅದಕ್ಕಿಂತ ಹೆಚ್ಚು ಕೆದಕಲು ನನಗೆ ಬಾಯಿ ಬರಲಿಲ್ಲ.

ತಿಥಿ ಮುಗಿಸಿ ನೆಂಟರೆಲ್ಲ ಹೊರಟ ಮೇಲೆ ಗೊತ್ತಾಯಿತು. ಪುಟ್ಟಿ ಕೇಳುವುದನ್ನು ನಿಲ್ಲಿಸಿದ್ದಳು. ಅಳುತ್ತಿರಲಿಲ್ಲ, ಹಟ ಇಲ್ಲ, ಊಟ ಮಾಡು ಅಂದರೆ ಮಾಡುವಳು, ಮಲಗು ಅಂದರೆ ಮಲಗುವಳು. ಮಾತೂ ಆಡುವಳು. ಆದರೆ ಒಂದು ಪ್ರಶ್ನೆ ಇಲ್ಲ. ನೀರು ಬೇಕಾದರೂ “ನೀರು ಕೊಡ್ತೀಯಾ?” ಅನ್ನುವುದಿಲ್ಲ, “ನಂಗೆ ಬಾಯಾರಿಕೆ ಆಗಿದೆ” ಅನ್ನುವಳು. ಇದನ್ನು ಕಂಡು ನಮ್ಮ ಅತ್ತೆ, “ತಾಯಿ ಹೋದ್ಮೇಲೆ ಮಗೂಗೆ ಎಷ್ಟು ತಿಳಿವಳಿಕೆ ಬಂದಿದೆ ನೋಡು” ಅಂತ ಕಣ್ಣೊರೆಸಿಕೊಂಡರು. ಶಾಲೆಯಲ್ಲಂತೂ ಕೇಳಬೇಡಿ! ಪುಸ್ತಕದಲ್ಲಿ ಇದ್ದಿದ್ದನ್ನು ಇದ್ದ ಹಾಗೆ ಬಾಯಿಪಾಠ ಮಾಡಿ ಒಪ್ಪಿಸತೊಡಗಿದಳು. ದಸರಾ ರಜೆಯ ಮೊದಲು ಕ್ಲಾಸಿಗೇ ಮೊದಲನೆಯವಳಾದಳು. ಮಿಸ್ಸು ಭಾವನನ್ನು ಕರೆಸಿ ಅಭಿನಂದನೆ ಹೇಳಿದರು.

ಆ ಸಂಜೆ ನಾನು ಹೋದಾಗ ಭಾವ ಮಾರ್ಕ್ಸ್ ಕಾರ್ಡನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಕಾರ್ಖಾನೆಯಲ್ಲಿ ಒಂದಿಡೀ ಲಾಟು ರಿಜೆಕ್ಟ್ ಆದ ದಿನವೂ ಅವರ ಮುಖ ಹಾಗೆ ಆಗಿದ್ದನ್ನು ನಾನು ನೋಡಿರಲಿಲ್ಲ.

“ಒಳ್ಳೆ ಮಾರ್ಕ್ಸ್ ಅಲ್ವಾ ಭಾವ?”

“ಗಿಡ ಬೆಳಕಿನ ಕಡೆ ಬಾಗುತ್ತೆ ಅಂತ ಬರ್ದಿದಾಳೆ. ಪೂರ್ತಿ ಮಾರ್ಕ್ಸ್,” ಅಂದರು. ಆಮೇಲೆ ದನಿ ಇಳಿಸಿ, “ಅವಳಮ್ಮ ಹೋದ್ಲು ಕಣಮ್ಮ. ಇವಳೂ ಹೋಗ್ತಿದಾಳೆ. ಹಿಡ್ಕೊಳ್ಳೋದು ಹೆಂಗೆ ಅಂತ ನಂಗೆ ಗೊತ್ತಾಗ್ತಿಲ್ಲ” ಅಂದರು.

ಅಲ್ಲಿಂದ ಶುರುವಾಯಿತು ನಮ್ಮ ಭಾವನ ಹುಚ್ಚಾಟ. ಮಗಳ ಬಾಯಿಂದ ಒಂದು ‘ಯಾಕೆ’ ಹೊರಡಿಸಬೇಕು, ಅಷ್ಟೇ. ಒಂದು ಕಾಲಿಗೆ ಬೂಟು, ಇನ್ನೊಂದಕ್ಕೆ ಹವಾಯಿ ಚಪ್ಪಲಿ ಹಾಕಿಕೊಂಡು ಅವಳನ್ನು ಶಾಲೆಗೆ ಬಿಡಲು ಹೊರಟರು. ಬಸ್‌ಸ್ಟಾಪಿನಲ್ಲಿ ಜನ ನೋಡಿ ದಾರಿ ಬಿಟ್ಟರು. ಪುಟ್ಟಿ ಕೆಳಗೆ ನೋಡಿ, “ಅಪ್ಪ, ಬೇರೆ ಬೇರೆ ಹಾಕ್ಕೊಂಡಿದೀಯ” ಅಂದಳು. ಅಷ್ಟೇ. ಕಾರ್ಖಾನೆಯಿಂದ ದೊಡ್ಡ ಅಯಸ್ಕಾಂತ ತಂದು ಮೇಜಿನ ಕೆಳಗೆ ಹಿಡಿದು ಮೇಲೆ ಪಿನ್ನುಗಳ ಮೆರವಣಿಗೆ ಮಾಡಿಸಿದರು. “ಚೆನ್ನಾಗಿದೆ ಅಪ್ಪ” ಅಂದು ಮಗ್ಗಿ ಬರೆಯಲು ಹೋದಳು. ನಡುಮನೆಯಲ್ಲಿ ಒಂದು ವಾರ ಕೊಡೆ ಬಿಚ್ಚಿಟ್ಟರು. ಹಾಲಿನವನು ಕೇಳಿದ, ಗ್ಯಾಸಿನವನು ಕೇಳಿದ, ಓನರ್ ಆಂಟಿ, ಮನೆ ಸೋರುತ್ತಿದೆಯೇನೋ ಅಂತ ಹೆದರಿ ಮೇಲೆ ಹತ್ತಿ ಬಂದು ಕೇಳಿದರು. ಇಡೀ ದಾಸರಹಳ್ಳಿ ಕೇಳಿತು. ಅವಳೊಬ್ಬಳು ಕೊಡೆಯನ್ನು ಬಳಸಿಕೊಂಡು ಓಡಾಡಿದಳು.

ಟೊಮೇಟೊ ಗಿಡದ ಕತೆ ಹೇಳದಿದ್ದರೆ ಭಾವನಿಗೆ ಅನ್ಯಾಯ ಮಾಡಿದ ಹಾಗಾಗುತ್ತದೆ. ಖಾಲಿ ಪೇಂಟ್ ಡಬ್ಬದ ತಳಕ್ಕೆ ತೂತು ಕೊರೆದು, ಆ ತೂತಿನಿಂದ ಗಿಡದ ತಲೆ ಕೆಳಕ್ಕೆ ಇಳಿಯುವಂತೆ ನೆಟ್ಟು, ಬಾಗಿಲ ಮೇಲಿನ ಸಜ್ಜಾಕ್ಕೆ ನೇತುಹಾಕಿದರು. ನಾಲ್ಕು ದಿನಕ್ಕೆ ಗಿಡ ಸೊಂಟ ಬಗ್ಗಿಸಿ ಮುಖವನ್ನು ಆಕಾಶಕ್ಕೆ ತಿರುಗಿಸಿತು. ನೋಡಿದರೆ ಕಲ್ಲಿಗೂ ಒಂದು ಪ್ರಶ್ನೆ ಹುಟ್ಟಬೇಕು. ಬೆಂಗಳೂರಿನ ಬಾಗಿಲ ಮೇಲೆ ಏನು ನೇತುಹಾಕಿದರೂ ಜನ ಏನಂದುಕೊಳ್ಳುತ್ತಾರೆ ಅನ್ನುವುದನ್ನು ಮಾತ್ರ ಭಾವ ಮರೆತಿದ್ದರು.

“ದೃಷ್ಟಿಗಾ?” ಅಂತ ಕೇಳಿದರು ಓನರ್ ಆಂಟಿ. “ಪಾಪ, ನಿಮ್ಮನೇಲಿ ಆಗಿದ್ದು ನೋಡಿದ್ರೆ ಕಟ್ಲೇಬೇಕು. ಯಾವ ಸ್ವಾಮೀಜಿ ಹೇಳಿದ್ದು?”

“ಯಾರೂ ಇಲ್ಲಾಂಟಿ. ಗಿಡ ಯಾಕೆ ಮೇಲಕ್ಕೆ ತಿರುಗಿದೆ ಅಂತ ನೋಡಿ.”

“ಮೇಲಕ್ಕೆ ತಿರುಗಿದ್ರೆ ದೋಷ ಕಳೀತು ಅಂತ,” ಅಂದು ಆಂಟಿ ಕೈಮುಗಿದು ಇಳಿದು ಹೋದರು.

ಕಾರ್ತಿಕ ಮುಗಿಯುವಷ್ಟರಲ್ಲಿ ನಮ್ಮ ಅಡ್ಡರಸ್ತೆಗಳಲ್ಲಿ ಬೂದುಗುಂಬಳ ಕಡಿಮೆಯಾಗಿ ತಲೆಕೆಳಗಾದ ಟೊಮೇಟೊ ಹೆಚ್ಚಾಯಿತು. ತಗಡು ಒತ್ತುವ ಪ್ರೆಸ್ ಶೆಡ್ಡಿನ ಮಾಲೀಕರೊಬ್ಬರು ಬೈಕು ನಿಲ್ಲಿಸಿ, “ಸಾರ್, ಟೊಮೇಟೊನೇ ಆಗ್ಬೇಕಾ, ಬದನೆ ನಡೆಯುತ್ತಾ?” ಅಂತ ಕೇಳಿದರು. ಭಾವ ನನ್ನ ಹತ್ತಿರ ಇದನ್ನು ಹೇಳುತ್ತ ನಗಲು ನೋಡಿದರು. “ಎಲ್ಲಾರೂ ಕೇಳ್ತಾರೆ ಕಣಮ್ಮ,” ಅಂದರು. ನಗು ಅಲ್ಲೇ ನಿಂತಿತು. ಪುಟ್ಟಿ ಆ ಗಿಡಕ್ಕೆ, ನೀರು ಹಾಕು ಅಂದ ದಿನ ಸ್ಟೂಲು ಹತ್ತಿ ನೀರು ಹಾಕುತ್ತಿದ್ದಳು. ಅದರ ಮುಖ ಯಾಕೆ ಮೇಲಕ್ಕಿದೆ ಅಂತ ಒಂದು ಸಲವೂ ಕೇಳಲಿಲ್ಲ.

ಅವರೆಕಾಯಿ ಕಾಲ ಬಂತು. ಒಂದು ಭಾನುವಾರ ಮಧ್ಯಾಹ್ನ, ಅಕ್ಕನಿಲ್ಲದ ಮನೆಯಲ್ಲಿ ಈ ಮಕ್ಕಳಿಗೆ (ಭಾವನನ್ನೂ ಸೇರಿಸಿ ಹೇಳುತ್ತಿದ್ದೇನೆ) ಹಿಚುಕಿದವರೆ ಸಾರು ಮಾಡಿಕೊಡುವವರು ಯಾರು ಅಂತ ನಾನೇ ನೆನೆಸಿದ ಕಾಳು ಹೊತ್ತುಕೊಂಡು ಹೋದೆ. ಮೂವರೂ ಪಾತ್ರೆ ಸುತ್ತ ಕೂತು ಹಿಚುಕುತ್ತಿದ್ದೆವು. ಅಕ್ಕನಿಗೆ ಇದರಲ್ಲಿ ಎಂಥ ಕೈ ಅಂತೀರಿ! ನಾವು ಒಂದು ಹಿಚುಕುವಷ್ಟರಲ್ಲಿ ಅವಳದು ಬೊಗಸೆ ತುಂಬುತ್ತಿತ್ತು. ಅದೇ ನೆನಪಾಗುತ್ತಿತ್ತು ನನಗೆ. ಭಾವ ತಮ್ಮ ಪಾಡಿಗೆ ಪ್ರಯತ್ನ ನಡೆಸಿದ್ದರು. “ಅಲ್ಲಾ, ಒತ್ತಿದ್ರೆ ಕಾಳು ಹಿಂಗೆ ಹಾರುತ್ತಲ್ಲ, ಸಿಪ್ಪೆ ಯಾಕೆ ಹಾರಲ್ಲ? ಒಣಗಿದ ಕಾಳು ಯಾಕೆ ಹಾರಲ್ಲ?” ಅಂತ ಒಂದಾದ ಮೇಲೊಂದು, ಮಗಳ ಮುಖ ನೋಡುತ್ತ, ಕೇಳುತ್ತಲೇ ಇದ್ದರು. ಬಿಸಿಲಲ್ಲಿ ಮಾರ್ಕೆಟ್ಟು ಸುತ್ತಿ ಬಂದಿದ್ದ ನನಗೆ ಹಣೆ ಸಿಡಿಯುತ್ತಿತ್ತು.

“ಸ್ವಲ್ಪ ಸುಮ್ನಿರಿ ಭಾವ, ತಲೆ ನೋಯ್ತಿದೆ,” ಅಂದೆ.

ಪುಟ್ಟಿಯ ಕೈಯಿಂದ ಕಾಳಿನ ಬಟ್ಟಲು ಬಿತ್ತು. ಅವಳು ಎದ್ದು ಹೋಗಿ ಅಪ್ಪನ ಬಾಯಿಯನ್ನು ಎರಡೂ ಕೈಯಿಂದ ಮುಚ್ಚಿದಳು.

“ಕೇಳ್ಬೇಡ ಅಪ್ಪ. ಚಿಕ್ಕಮ್ಮನ್ನ ಏನೂ ಕೇಳ್ಬೇಡ.”

ಭಾವ ಮೆಲ್ಲಗೆ ಆ ಕೈಗಳನ್ನು ಇಳಿಸಿ ಹಿಡಿದುಕೊಂಡರು. “ಯಾಕೆ ಮಗಳೇ?”

“ಕೇಳಿದ್ರೆ ಸತ್ತೋಗ್ತಾರೆ.”

ಹೊರಗೆ ಯಾವುದೋ ಶೆಡ್ಡಿನಲ್ಲಿ ಪವರ್ ಪ್ರೆಸ್ಸು ಬಡಿಯುತ್ತಿತ್ತು. ಭಾನುವಾರವೂ ಓವರ್‌ಟೈಮು. ಪುಟ್ಟಿ ತಲೆ ತಗ್ಗಿಸಿಕೊಂಡು, ಶಾಲೆಯಲ್ಲಿ ಪಾಠ ಒಪ್ಪಿಸುವ ದನಿಯಲ್ಲೇ ಹೇಳಿದಳು. ಅವತ್ತು ಊಟ ಆದ ಮೇಲೆ ಅಮ್ಮ ಚಾಪೆ ಮೇಲೆ ಮಲಗಿದ್ದಳು. ಇವಳು ಪಕ್ಕದಲ್ಲಿ ಕೂತು ಒಂದೊಂದೇ ಕೇಳುತ್ತಿದ್ದಳು. ಅಮ್ಮ, “ಇವತ್ತು ಸಾಕು ಕಣೇ ಪುಟ್ಟಿ, ತಲೆ ನೋಯ್ತಿದೆ, ಇನ್ನು ಕೇಳ್ಬೇಡ” ಅಂದಳು. ಇವಳಿಗೆ ತಡೆಯಲಾಗಲಿಲ್ಲ. ಇನ್ನೊಂದು ಕೇಳಿಯೇಬಿಟ್ಟಳು. ಆಮೇಲೆ ಅಮ್ಮ ಏಳಲಿಲ್ಲ.

ಹೇಳಿ ಮುಗಿಸಿ ಅವಳು ತಲೆ ಎತ್ತಿದಳು. ಆಷಾಢದಿಂದ ನಾವು ಕಾದಿದ್ದ ಪ್ರಶ್ನೆ ಬಂತು.

“ನಾನು ಕೇಳಿದ್ದಕ್ಕಾ ಅಪ್ಪ?”

ದೇವರೇ, ಇದಕ್ಕಾಗಿಯೇ ಆ ಮನುಷ್ಯ ಕೊಡೆ ಬಿಚ್ಚಿದ್ದು? ಈ ಒಂದು ಮಾತು ಅವಳೊಳಗೆ ಇಷ್ಟು ತಿಂಗಳಿಂದ ಕೂತಿತ್ತು. ಮಗಳಿಗೆ ಯಾವತ್ತೂ ಸೀದಾ ಉತ್ತರ ಕೊಡದ ಭಾವ ಒಂದು ಕ್ಷಣವೂ ತಡಮಾಡಲಿಲ್ಲ.

“ಅಲ್ಲ,” ಅಂದರು.

ಪುಟ್ಟಿ ಅವರ ಮುಖವನ್ನೇ ದಿಟ್ಟಿಸಿದಳು. “ನಿಂಗೆ ಹೆಂಗೆ ಗೊತ್ತು?”

“ನಾನು ಡಾಕ್ಟರನ್ನ ಕೇಳ್ದೆ. ಅವರು ನನ್ನ ಹಿಡಿದು ಕೂರಿಸೋವರೆಗೂ ಕೇಳ್ದೆ. ಅಮ್ಮನ ತಲೆಯೊಳಗೆ ಒಂದು ನಾಳ ಅವಳು ಹುಟ್ಟಿದಾಗ್ಲೇ ತೆಳ್ಳಗಿತ್ತಂತೆ. ನೀನು ಹುಟ್ಟೋಕೆ ಎಷ್ಟೋ ವರ್ಷ ಮುಂಚೆನೇ. ಅದು ಒಡೆಯೋಕೆ ಶುರುವಾಗಿದ್ದಕ್ಕೇ ಅವಳಿಗೆ ತಲೆ ನೋಯ್ತಿತ್ತು. ನೋವು ಮೊದಲು ಬಂತು ಮಗಳೇ, ನಿನ್ನ ಪ್ರಶ್ನೆ ಆಮೇಲೆ ಬಂತು. ಆಮೇಲೆ ಬಂದಿದ್ದು ಮೊದಲು ಬಂದಿದ್ದಕ್ಕೆ ಕಾರಣ ಆಗುತ್ತಾ? ನೀನೇ ಯೋಚನೆ ಮಾಡು.”

ಅವಳು ಯೋಚನೆ ಮಾಡಿದಳು. ನಿಜಕ್ಕೂ ಮಾಡಿದಳು. ಹುಬ್ಬು ಗಂಟಿಕ್ಕಿಕೊಂಡು, ತುಟಿ ಅಲ್ಲಾಡಿಸುತ್ತ, ಹಿಂದೆ ಕ್ರೇನು ನೋಡುವಾಗ ಮಾಡುತ್ತಿದ್ದ ಹಾಗೆ. “ಆಗಲ್ಲ,” ಅಂದಳು ಕೊನೆಗೆ. ಅಂದವಳೇ ಅಪ್ಪನ ಎದೆಗೆ ಬಿದ್ದು ಅಳತೊಡಗಿದಳು. ಅಮ್ಮ ಹೋದ ದಿನ ಅಳಬೇಕಾಗಿದ್ದ ಅಳು ಅದು. ನಾವು ತಡೆಯಲಿಲ್ಲ.

ಬಿಕ್ಕಳಿಕೆ ಇಳಿದ ಮೇಲೆ ಭಾವ ಕೇಳಿದರು, “ಕೊನೇದಾಗಿ ಅಮ್ಮನ್ನ ಏನು ಕೇಳ್ದೆ?”

“ಗೋಡೆ ಮೇಲೆ ಹಲ್ಲಿ ಇತ್ತು. ಅದು ಬೀಳದೆ ಹೆಂಗೆ ಅಲ್ಲೇ ಮಲಗುತ್ತೆ ಅಂತ ಕೇಳ್ದೆ.”

“ಅಮ್ಮ ಏನಂದ್ಲು?”

“ಹಾಸಿಗೆ ಸುತ್ತಿಡೋ ಕೆಲಸ ಇಲ್ಲವಲ್ಲ, ಅದಕ್ಕೇ ಅಲ್ಲಿ ಮಲಗುತ್ತೆ ಅಂದ್ಲು. ಅಂದ್ಬಿಟ್ಟು ನಕ್ಕಳು.”

“ನಕ್ಕಳಾ?”

“ಹೂಂ. ನಗ್ತಾ ನಗ್ತಾ ಕಣ್ಣು ಮುಚ್ಕೊಂಡ್ಲು. ನಿದ್ದೆ ಬಂತು ಅಂತ ನಾನು ಸುಮ್ನಾದೆ.”

ಭಾವ ಮಗಳ ತಲೆಯ ಮೇಲೆ ಮುಖ ಇಟ್ಟುಕೊಂಡುಬಿಟ್ಟರು. ನಮ್ಮ ಅಕ್ಕ ನಗುತ್ತ ಹೋದಳು. ಕಾರಿಡಾರಿನ ಅಷ್ಟೂ ಪ್ರಶ್ನೆಗಳಿಗೆ ಸಿಗದ ಉತ್ತರ ಈ ಮಗುವಿನ ಹತ್ತಿರ ಇತ್ತು, ನಾನು ಹಗಲೂ ರಾತ್ರಿ ಹುಡುಕಿದ್ದೂ ಇದನ್ನೇ. ನಾನು ಅವರೆಕಾಳಿನ ಪಾತ್ರೆ ಎತ್ತಿಕೊಂಡು ಅಡುಗೆಮನೆಗೆ ಹೋದೆ. ಅಲ್ಲಿ ಅಕ್ಕ ಸಾಲಾಗಿ ಜೋಡಿಸಿದ್ದ ಡಬ್ಬಗಳು ಹಾಗೇ ಇದ್ದವು. ನಲ್ಲಿ ಜೋರಾಗಿ ಬಿಟ್ಟು, ತೊಳೆದ ಕಾಳನ್ನೇ ಮತ್ತೆ ತೊಳೆಯುತ್ತ ನಿಂತೆ. ಆಷಾಢದಿಂದ ನಾನು ಆ ಮನೆಗೆ ಅಡುಗೆ ಮಾಡಿದ್ದೆ, ಬಟ್ಟೆ ಮಡಿಸಿದ್ದೆ, ಮಗುವಿಗೆ ಜಡೆ ಹಾಕಿದ್ದೆ, ಭಾವನಿಗೆ ಸಮಾಧಾನ ಹೇಳಿದ್ದೆ. ಬಂದವರೆಲ್ಲ ಅವರಿಬ್ಬರು ಹೇಗಿದ್ದಾರೆ ಅಂತ ನನ್ನನ್ನು ಕೇಳಿಕೊಂಡು ಹೋಗುತ್ತಿದ್ದರು.

ಸೆರಗು ಜಗ್ಗಿದ ಹಾಗಾಯಿತು. ಪುಟ್ಟಿ ಬಂದು ನಿಂತಿದ್ದಳು, ಕೆನ್ನೆ ಇನ್ನೂ ಒದ್ದೆ.

“ಚಿಕ್ಕಮ್ಮ, ನೀನ್ಯಾಕೆ ಅಳ್ತಿದೀಯ?”

ನಾನು ನಲ್ಲಿ ನಿಲ್ಲಿಸಿದೆ.

“ಅವಳು ನನ್ನ ಅಕ್ಕ ಕಣೇ,” ಅಂದೆ.

ಅವಳು ಇದನ್ನು ಮೊದಲ ಸಲ ಕೇಳಿದವಳಂತೆ ನನ್ನನ್ನು ನೋಡಿದಳು. ನಂತರ ಅಲ್ಲೇ ನೆಲದ ಮೇಲೆ ಕೂತು, ನನಗೂ ಜಾಗ ತೋರಿಸಿದಳು.

“ಅಮ್ಮ ನನ್ನಷ್ಟು ದೊಡ್ಡೋಳಿದ್ದಾಗ ನೀನು ಎಷ್ಟು ದೊಡ್ಡೋಳಿದ್ದೆ? ನಿನ್ನ ಎತ್ಕೊಳ್ತಿದ್ಲಾ?”

ಎತ್ತಿಕೊಳ್ಳುತ್ತಿದ್ದಳು. ಸೊಂಟದಲ್ಲಿ ಕೂರಿಸಿಕೊಂಡು ಊರೆಲ್ಲ ಸುತ್ತುತ್ತಿದ್ದಳು. ನಾನು ಅವಳ ಪಕ್ಕ ಕೂತು ಹೇಳತೊಡಗಿದೆ. ಅವಳು ಕೇಳುತ್ತಲೇ ಇದ್ದಳು.